ಮಣಿಕಟ್ಟಿನ ತನಕ ಹಿಟ್ಟು

ಯಾವ ಕೆಲಸದ ಜಾಗಕ್ಕೆ ಹೋದರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಮಾಲೀಕರು ಕುರ್ಚಿ ಎಳೆದು ಹಾಕಿ, ಟೀಗೆ ಹೇಳಿ ಕಳಿಸಿ, ತಮ್ಮ ಉದ್ಯಮ ಹೇಗೆ ಬೆಳೆಯಿತು ಎಂದು ಶುರು ಮಾಡುವ ಹೊತ್ತಿಗೆ ಇವರು ಇನ್ನೂ ನಿಂತೇ ಇರುತ್ತಿದ್ದರು. ಓಡುತ್ತಿರುವ ಯಂತ್ರದ ಕಡೆ ಕೈ ತೋರಿಸಿ, "ಇದನ್ನ ನಿಲ್ಸೋದು ಎಲ್ಲಿ ಐತ್ರಿ?" ಎನ್ನುತ್ತಿದ್ದರು.

ಕೆಲವರು ಕೂಡಲೇ ಸ್ವಿಚ್ಚು ತೋರಿಸುತ್ತಿದ್ದರು. ಕೆಲವರು ಗೋಡೆಯ ಕಡೆ ತಿರುಗಿ ಹುಡುಕುತ್ತಿದ್ದರು. ಹುಡುಕಿದವರ ಕುರ್ಚಿಯಲ್ಲಿ ಅವರು ಕೂರುತ್ತಿರಲಿಲ್ಲ, ಟೀ ಕುಡಿಯುತ್ತಿರಲಿಲ್ಲ. ರಸ್ತೆಗೆ ಬಂದ ಮೇಲೆ ನನಗೆ ಹೇಳುತ್ತಿದ್ದರು: "ಹುಡುಕ್ಬೇಕು ಅಂದ್ರೆ ಅದು ಇಲ್ಲ ಅಂತ್ಲೇ ಸರ್."

ಅವರು ಕಳೆದ ತಿಂಗಳು ಹೊಳಲ್ಕೆರೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವರು ಅಲ್ಲೇ ಕುಸಿದರಂತೆ. ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ಪ್ರಾಂಶುಪಾಲರು ಅವರನ್ನು ತ್ಯಾಗಮಯಿ ಎಂದರು. ನನ್ನನ್ನೂ ಮಾತನಾಡಲು ಕರೆದರು. ನಾನು ನಾಲ್ಕು ವಾಕ್ಯ ಹೇಳಿದೆ. ಆ ನಾಲ್ಕನ್ನೂ ಯಾರು ಸತ್ತಾಗ ಬೇಕಾದರೂ ಹೇಳಬಹುದಿತ್ತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಕಂಡಷ್ಟನ್ನೇ ಬರೆಯುತ್ತೇನೆ, ಕಣ್ಣೆದುರಿಗೆ ಇದ್ದೂ ನಾನು ಕಾಣದೆ ಹೋದದ್ದನ್ನೂ ಬರೆಯಬೇಕಾಗಿದೆ. ಅವರ ಹೆಸರು ಬೇಡ. ವಿದ್ಯಾರ್ಥಿಗಳಿಗೆ ಅವರು ಮಿಸ್ಸು, ನನಗೆ ಮೇಡಂ.

ಹಿರಿಯೂರಿನ ನಮ್ಮ ಪದವಿ ಕಾಲೇಜಿನಲ್ಲಿ, ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ, ಎರಡು ವರ್ಷದ ಒಂದು ಸರ್ಟಿಫಿಕೇಟ್ ಕೋರ್ಸು ನಡೆಯುತ್ತದೆ. ಬೌದ್ಧಿಕ ನ್ಯೂನತೆ ಇರುವ, ಹದಿನೆಂಟು ದಾಟಿದ ಯುವಕ ಯುವತಿಯರಿಗಾಗಿ ಇರುವ ಕೋರ್ಸು ಅದು. ಬೆಳಿಗ್ಗೆ ಒಂದು ಗಂಟೆ ಅವರು ಬಿ.ಕಾಂ. ವಿದ್ಯಾರ್ಥಿಗಳ ನಡುವೆಯೇ ತರಗತಿಯಲ್ಲಿ ಕೂರುತ್ತಾರೆ. ಒಬ್ಬೊಬ್ಬರಿಗೂ ಪದವಿ ತರಗತಿಯ ಒಬ್ಬ ಜೊತೆಗಾರ ಅಥವಾ ಜೊತೆಗಾತಿ ಇರುತ್ತಾರೆ. ಊಟ, ಬಸ್ಸು, ಗ್ರಂಥಾಲಯ ಎಲ್ಲ ಒಟ್ಟಿಗೆ. ಮಧ್ಯಾಹ್ನ ಕ್ಯಾಂಟೀನು, ಕಚೇರಿ, ಕೈತೋಟಗಳಲ್ಲಿ ಕೆಲಸ ಕಲಿಯುತ್ತಾರೆ. ಎರಡನೆಯ ವರ್ಷ ಹೊರಗಿನ ಕೆಲಸದ ಜಾಗಗಳಿಗೆ ಹೋಗುತ್ತಾರೆ, ಕೆಲವರಿಗೆ ಅಲ್ಲೇ ನೌಕರಿ ಸಿಗುತ್ತದೆ. ನಾನು ವಾಣಿಜ್ಯ ವಿಭಾಗದ ಅಧ್ಯಾಪಕ. ಕಾಗದದ ಮೇಲೆ ಈ ಕೋರ್ಸಿನ ಸಂಯೋಜಕ. ಕೋರ್ಸು ನಡೆಸುತ್ತಿದ್ದವರು ಅವರು.

ಕುಳ್ಳಗಿದ್ದರು. ಸೀರೆಯ ಕೆಳಗೆ ಗಂಡಸರು ಹಾಕುವ ದಪ್ಪ ರಬ್ಬರ್ ಅಟ್ಟೆಯ ಕಪ್ಪು ಬೂಟು ಹಾಕುತ್ತಿದ್ದರು. ನಾನು ಒಮ್ಮೆ ಅದನ್ನೇ ನೋಡುತ್ತಿದ್ದುದನ್ನು ಗಮನಿಸಿ, "ಕೆಲ್ಸದ ಜಾಗದಾಗೆ ಜಾರಿ ಬಿದ್ರೆ ಸೀರೆ ಅಂದ ಯಾರು ನೋಡ್ತಾರೆ ಸರ್" ಎಂದಿದ್ದರು. ನಮ್ಮ ಕಾಲೇಜಿಗೆ ಬರುವ ಮೊದಲು ಚಿತ್ರದುರ್ಗದ ಒಂದು ವಿಶೇಷ ಶಾಲೆಯಲ್ಲಿ ಬಹಳ ವರ್ಷ ಇದ್ದರು. ಅದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇದು: "ಮೂವತ್ತು ವರ್ಷದೋರೂ ಅಲ್ಲಿ ಮೇಣದಬತ್ತಿ ಮಾಡ್ಕಂಡು ಕುಂತಿದ್ರು. ಯಾರ ಮನೇಲಿ ಅಷ್ಟು ಕರೆಂಟು ಹೋಗುತ್ತೆ ಹೇಳ್ರಿ."

ಪ್ರಾಂಶುಪಾಲರು ಸಭೆಗಳಲ್ಲಿ "ನಮ್ಮ ವಿಶೇಷ ಮಕ್ಕಳು" ಎನ್ನುತ್ತಿದ್ದರು. ಒಮ್ಮೆ ಎಲ್ಲರೆದುರಿಗೆ ಮೇಡಂ ಕೇಳಿಬಿಟ್ಟರು: "ಸರ್, ಇವ್ರಿಗೆ ಇಪ್ಪತ್ತೆರಡು ವರ್ಷ. ಪಕ್ಕದಾಗೆ ಕುಂತಿರೋ ಬಿ.ಕಾಂ.ನೋರಿಗೆ ಹತ್ತೊಂಬತ್ತು. ಅವ್ರನ್ನ ಏನ್ರಪ್ಪಾ ಅಂತೀರ, ಇವ್ರನ್ನ ಮಕ್ಕಳೇ ಅಂತೀರ. ದೊಡ್ಡೋರಾಗೋಕೆ ಇನ್ನೂ ಎಷ್ಟು ವರ್ಷ ಕಾಯ್ಬೇಕು?" ಪ್ರಾಂಶುಪಾಲರು ನಕ್ಕರು. ನಕ್ಕ ಮೇಲೆ ಮೇಡಂ ಕಡೆ ನೋಡಿದ ನೋಟವನ್ನು ನಾನು ಕಂಡೆ. ಮೇಡಂ ಅವರ ನೇಮಕಾತಿ ವರ್ಷ ವರ್ಷಕ್ಕೆ ನವೀಕರಣವಾಗಬೇಕಿತ್ತು.

ಒಬ್ಬ ವಿದ್ಯಾರ್ಥಿಯನ್ನು ಎಲ್ಲಿಗೇ ಕಳಿಸುವ ಮೊದಲು ಅಲ್ಲಿ ತಾವೇ ಒಂದು ವಾರ ಕೆಲಸ ಮಾಡುತ್ತಿದ್ದರು. ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ನಾನು ಒಮ್ಮೆ ತಿಂಡಿ ತಿನ್ನುತ್ತಿದ್ದಾಗ ಒಳಗೆ ತೊಟ್ಟಿಯ ಮುಂದೆ ಅವರು ನಿಂತು ತಟ್ಟೆ ತೊಳೆಯುತ್ತಿದ್ದರು. ನನ್ನನ್ನು ನೋಡಿ, "ಸರ್, ಚಟ್ನಿ ಖಾಲಿ ಮಾಡ್ರಿ, ಒಣಗಿದ್ರೆ ಉಜ್ಜೋಕಾಗಲ್ಲ" ಎಂದು ಕೂಗಿದರು. ವಾರದ ಕೊನೆಗೆ ಆ ಕೆಲಸವನ್ನು ಎಂಟು ಹತ್ತು ಹಂತಗಳಾಗಿ ಬಿಡಿಸಿ, ಪ್ರತಿ ಹಂತದ ಫೋಟೋ ತೆಗೆದು, ಪ್ಲಾಸ್ಟಿಕ್ ಹೊದಿಸಿದ ಕಾರ್ಡುಗಳ ಒಂದು ಗೊಂಚಲು ಮಾಡುತ್ತಿದ್ದರು. ಹೋಗುವವರು ಅದನ್ನು ಏಪ್ರನ್ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು.

ಇನ್ನೊಂದನ್ನು ಅವರು ನನಗೆ ಹೇಳಿಕೊಟ್ಟಿದ್ದರು. ಅದನ್ನು ನಾನು ಕಲಿಯಲಿಲ್ಲ. ಮೊದಲ ವರ್ಷವೇ ಒಬ್ಬ ವಿದ್ಯಾರ್ಥಿಯನ್ನು ಕರೆದು ನನ್ನೆದುರು ಕೇಳಿದರು: "ನೀನು ದೆಹಲಿಗೆ ಹೋಗಿದ್ಯಾ?" "ಹೂಂ ಮಿಸ್." "ಹೋಗಿಲ್ವಾ?" "ಹೂಂ ಮಿಸ್." ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, "ನಾನೇ ಕೆಟ್ಟ ಪ್ರಶ್ನೆ ಕೇಳ್ದೆ ಕಣಪ್ಪ, ತಪ್ಪು ನಂದು" ಎಂದು ಕಳಿಸಿ, ನನ್ನ ಕಡೆ ತಿರುಗಿದರು. "ಸಣ್ಣೋರಿದ್ದಾಗಿಂದ ಹೂಂ ಅಂದಾಗ ಮಾತ್ರ ಇವ್ರಿಗೆ ಏಟು ತಪ್ಪಿರುತ್ತೆ ಸರ್. ಅದಕ್ಕೆ ಏನೂ ಕೇಳ್ಬೇಡ್ರಿ. ತೋರ್ಸು ಅನ್ರಿ. ತೋರ್ಸೋದ್ರಾಗೆ ಸುಳ್ಳು ಇರಲ್ಲ."

ಅನಿತ ಬಬ್ಬೂರಿನವಳು. ತಾಯಿ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದ ಹೊಲಗಳಲ್ಲಿ ಕೂಲಿ ಮಾಡುತ್ತಾರೆ. ಅನಿತಳಿಗೆ ಓದು ಹತ್ತಿರಲಿಲ್ಲ. ಗಡಿಯಾರ ನೋಡುವುದನ್ನು ಕಲಿಯಲು ಎಂಟು ತಿಂಗಳು ಹಿಡಿಯಿತು. ಕಲಿತ ಮೇಲೆ ಒಂದು ನಿಮಿಷವೂ ತಡ ಮಾಡಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ, ಕೆಲಸ. ತಾಯಿಯ ಜೊತೆ ಹೊಲಕ್ಕೆ ಹೋಗುವ ಹೆಂಗಸರು ಇವಳನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. "ನಾನೂ ಡ್ಯೂಟಿಗೆ ಹೋಗ್ತೀನಿ" ಎಂದು ಕಾಲೇಜಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಹೊಸದುರ್ಗದ ಹೊರಗೆ ತಗಡಿನ ಶೆಡ್ಡಿನಲ್ಲಿ ಒಂದು ಶಾವಿಗೆ ಮಾಡುವ ಘಟಕ ಇದೆ. ಅನಿತಳ ಚಿಕ್ಕಮ್ಮನ ಮನೆ ಅದಕ್ಕೆ ಹತ್ತಿರ. ಮೇಡಂ ಅಲ್ಲಿ ಒಂದು ವಾರ ದುಡಿದು ಬಂದರು. ಶಾವಿಗೆ ಯಂತ್ರಕ್ಕೆ ಮೇಲೆ ಅಗಲವಾದ ಬಾಯಿ ಇರುತ್ತದೆ. ನಾದಿದ ಹಿಟ್ಟಿನ ಉಂಡೆಗಳನ್ನು ಅದರಲ್ಲಿ ಹಾಕಿ ಮರದ ಕೊರಡಿನಿಂದ ಒತ್ತಬೇಕು. ಒಳಗೆ ತಿರುಗುವ ಕಬ್ಬಿಣದ ಸುರುಳಿ ಹಿಟ್ಟನ್ನು ಎಳೆದುಕೊಂಡು ಕೆಳಗಿನ ತೂತುಗಳಿಂದ ಎಳೆ ಎಳೆಯಾಗಿ ಇಳಿಸುತ್ತದೆ. ಒಂಬತ್ತು ಕಾರ್ಡು ತಯಾರಾದವು. ಐದನೆಯ ಕಾರ್ಡಿನಲ್ಲಿ ಮೇಡಂ ಅವರ ಕೈ, ಕೈಯಲ್ಲಿ ಕೊರಡು. ಕಾಲೇಜಿನಲ್ಲಿ ಒಂದು ತಿಂಗಳು ಅಭ್ಯಾಸ ನಡೆಯಿತು. ಅನಿತ ಚಿಕ್ಕಮ್ಮನ ಮನೆಗೆ ಹೋಗಿ ಉಳಿದು ಕೆಲಸಕ್ಕೆ ಸೇರಿದಳು. ಹೊರಡುವ ದಿನ ಮೇಡಂ ಅವಳಿಗೆ ಹೇಳಿದ್ದು ನನಗೆ ನೆನಪಿದೆ: "ಟೈಮಿಗೆ ಮುಂಚೆ ಹೋಗು. ಅಲ್ಲಿ ಹೇಳ್ದಂಗೆ ಕೇಳು."

ಮೂರನೆಯ ತಿಂಗಳ ಭೇಟಿಯ ದಿನ ಮೇಡಂ ಇನ್ನೊಬ್ಬ ವಿದ್ಯಾರ್ಥಿಯ ಸಲುವಾಗಿ ಚಿತ್ರದುರ್ಗಕ್ಕೆ ಹೋಗಬೇಕಾಯಿತು. ಹೊಸದುರ್ಗಕ್ಕೆ ನಾನು ಹೋಗುತ್ತೇನೆ ಎಂದೆ. ಕಾಲೇಜು ಅಚ್ಚು ಹಾಕಿಸಿದ ನಮೂನೆ ನನ್ನ ಬಳಿ ಇತ್ತು. ಅದರಲ್ಲಿ ಐದು ಪ್ರಶ್ನೆಗಳು.

ನಾನು ಶೆಡ್ಡು ತಲುಪಿದಾಗ ಹನ್ನೊಂದೂವರೆ. ಅಂಗಳದಲ್ಲಿ ಬಿದಿರಿನ ಗಳುಗಳ ಮೇಲೆ ಶಾವಿಗೆ ಒಣಗುತ್ತಿತ್ತು. ಅಲ್ಲಿ ಎಳೆ ಬಿಡಿಸುತ್ತಿದ್ದ ನಲವತ್ತೈದರ ಹೆಂಗಸು, ಎಲ್ಲರೂ ಶಾಂತಕ್ಕ ಎಂದು ಕರೆಯುವವರು, ನನ್ನನ್ನು ನೋಡಿ, "ಯಾಕ್ ಸಾ, ನಮ್ ಅನಿತನ್ನ ಕರ್ಕಂಡೋಗಾಕೆ ಬಂದ್ರಾ? ಬಿಡಾಕಿಲ್ಲ ನಾವು. ಅವ್ಳು ಬಂದ್ಮ್ಯಾಲೇ ನಮ್ಗೆ ಟೈಮು ಅನ್ನದು ಗೊತ್ತಾಗಿದ್ದು" ಎಂದು ನಗಿಸಿದರು. ಮಾಲೀಕರು ನನ್ನನ್ನು ಮುಂದಿನ ಕೋಣೆಯಲ್ಲಿ ಕೂರಿಸಿದರು. ಟೀ ಬಂತು. ಅನಿತಳನ್ನು ಅಲ್ಲಿಗೇ ಕರೆಸಿದರು. ಅವಳು ಬಾಗಿಲಲ್ಲಿ ನಿಂತಳು.

"ಕೆಲಸ ಇಷ್ಟವಾಗಿದೆಯಾ?" "ಹೂಂ ಸರ್."

"ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರಾ?" "ಹೂಂ ಸರ್."

ಐದೂ ಹಾಗೆಯೇ ಮುಗಿದವು. ಐದು ಟಿಕ್ಕು ಹಾಕಿದೆ. ಷರಾ ಕಾಲಮ್ಮಿನಲ್ಲಿ 'ತೃಪ್ತಿಕರ' ಎಂದು ಬರೆದು ಸಹಿ ಮಾಡಿ, ಒಂದು ಪ್ರತಿಯನ್ನು ಮಾಲೀಕರಿಗೆ ಕೊಟ್ಟೆ. ಒಟ್ಟು ಇಪ್ಪತ್ತು ನಿಮಿಷ. ಗೋಡೆಯ ಆ ಕಡೆ ಯಂತ್ರ ಓಡುವ ಸದ್ದು ಕೇಳುತ್ತಿತ್ತು; ನಾನು ಎದ್ದು ಆ ಕಡೆ ಹೋಗಲಿಲ್ಲ.

ಸಂಜೆ ನಾಲ್ಕೂವರೆಗೆ ಸಿಬ್ಬಂದಿ ಕೋಣೆಯಲ್ಲಿ ಮೇಡಂ ಸಿಕ್ಕರು. ನಮೂನೆಯನ್ನು ಕೈಗೆ ತೆಗೆದುಕೊಂಡು ಓದದೆ ಮೇಜಿನ ಮೇಲೆ ಇಟ್ಟರು.

"ಏನ್ ಮಾಡ್ತಿದ್ಲು?"

"ಕೆಲಸದಿಂದಲೇ ಎದ್ದು ಬಂದಳು. ಕೈಗೆಲ್ಲ ಹಿಟ್ಟಾಗಿತ್ತು," ಎಂದೆ. ಅದನ್ನು ಒಳ್ಳೆಯ ಸುದ್ದಿ ಎಂಬಂತೆ ಹೇಳಿದೆ.

"ಎಲ್ಲಿ ತಂಕ?"

ನನಗೆ ಅರ್ಥವಾಗಲಿಲ್ಲ.

"ಹಿಟ್ಟು ಸರ್. ಬೆರಳಿಗಾ, ಅಂಗೈಗಾ, ಎಲ್ಲಿ ತಂಕ ಹತ್ತಿತ್ತು?"

ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಬಾಗಿಲು, ಹಸಿರು ಏಪ್ರನ್, ಬಾಗಿಲ ಚೌಕಟ್ಟಿನ ಮೇಲೆ ಅವಳ ಕೈ. "ಮಣಿಕಟ್ಟಿನ ತನಕ. ಬಳೆಗೂ ಹತ್ತಿತ್ತು."

"ಎರಡೂ ಕೈಗೆ?"

"ಇಲ್ಲ. ಬಲಗೈಗೆ ಮಾತ್ರ. ಎಡಗೈ ಚೊಕ್ಕಟವಾಗಿತ್ತು."

ಅವರು ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು, ಅದನ್ನು ಎತ್ತಲಿಲ್ಲ. "ನಾದಿದ್ರೆ ಎರಡೂ ಕೈಗೆ ಹತ್ತುತ್ತೆ," ಎಂದರು. ನನಗೆ ಐದನೆಯ ಕಾರ್ಡಿನ ಕೊರಡು ನೆನಪಾಯಿತು.

ಮಾಲೀಕರ ಫೋನು ರಿಂಗಾಗಿ ನಿಂತಿತು. ಚಿಕ್ಕಮ್ಮನ ಫೋನು ಸ್ವಿಚ್ ಆಫ್ ಆಗಿತ್ತು. ಆ ಹೊತ್ತಿಗೆ ಘಟಕ ಮುಚ್ಚಿರುತ್ತದೆ, ಬೆಳಿಗ್ಗೆ ಏಳಕ್ಕೆ ಮತ್ತೆ ತೆಗೆಯುತ್ತಾರೆ ಎಂಬುದೊಂದೇ ಸಮಾಧಾನ. ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹತ್ತಿದೆವು. ಗುಡ್ಡಗಳ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ತಿರುಗುತ್ತಿದ್ದವು. ಅವರು ಕಿಟಕಿಯ ಪಕ್ಕ ಕೂತಿದ್ದರೂ ಹೊರಗೆ ನೋಡಲಿಲ್ಲ. ಕೈಯಲ್ಲಿ ಫೋನು ಹಿಡಿದು ಐದೈದು ನಿಮಿಷಕ್ಕೆ ಒತ್ತುತ್ತಿದ್ದರು. ಏಳಕ್ಕೆ ಐದು ನಿಮಿಷ ಇರುವಾಗ ಚಿಕ್ಕಮ್ಮ ಫೋನ್ ಎತ್ತಿದರು. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಅನಿತನ್ನ ಇವತ್ತು ಕೆಲ್ಸಕ್ಕೆ ಕಳಿಸ್ಬೇಡ್ರಿ. ನಾವು ಬರಾ ತಂಕ ಮನೇಲೇ ಇರ್ಲಿ."

"ಅಯ್ಯೋ ಮಿಸ್ಸೆ, ಅವ್ಳು ಆಗ್ಲೇ ಹೋದ್ಲು. ಟೈಮಿಗೆ ಮುಂಚೆನೇ ಅಲ್ಲಿರ್ಬೇಕಂತೆ. ನೀವೇ ಹೇಳ್ಕೊಟ್ಟಿರದಂತಲ್ಲ."

ಅವರು ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. ಬಸ್ಸು ಹೊಸದುರ್ಗ ತಲುಪಲು ಇನ್ನೂ ಮೂವತ್ತೈದು ನಿಮಿಷ ಇತ್ತು.

ಶೆಡ್ಡಿನ ಬಾಗಿಲಲ್ಲಿ ನಿಂತಾಗ ಅನಿತ ಯಂತ್ರದ ಮುಂದೆ ಇದ್ದಳು. ನಮಗೆ ಅವಳ ಪಕ್ಕ ಕಾಣುತ್ತಿತ್ತು. ಎಡಗೈಯಲ್ಲಿ ಉಂಡೆ ಹಾಕುತ್ತಾಳೆ, ಬಲಗೈಯನ್ನು ಯಂತ್ರದ ಬಾಯೊಳಗೆ ಇಳಿಸಿ ಒತ್ತುತ್ತಾಳೆ, ತೆಗೆಯುತ್ತಾಳೆ. ನಾನು ಅದನ್ನು ಮೂರು ಸಲ ನೋಡಿದೆ. ಮೂರನೆಯ ಸಲ ಅವಳ ಹೆಸರು ನನ್ನ ಬಾಯಿಗೆ ಬಂದಿತ್ತು. ಮೇಡಂ ತಮ್ಮ ತೋಳನ್ನು ನನ್ನ ಎದೆಗೆ ಅಡ್ಡ ಹಿಡಿದರು. ಕೂಗಿದರೆ ಅವಳು ಕೈಯನ್ನು ಇದ್ದಲ್ಲೇ ಬಿಟ್ಟು ತಿರುಗಿ ನೋಡುತ್ತಾಳೆ. ಕರೆದವರ ಮುಖ ನೋಡಬೇಕೆಂದು ಕಾಲೇಜಿನಲ್ಲಿ ಅವಳಿಗೆ ಕಲಿಸಿದ್ದರು.

ಸ್ವಿಚ್ಚು ಹಿಂದಿನ ಗೋಡೆಯಲ್ಲಿ, ಈಚೆಗೆ ಪೇರಿಸಿದ್ದ ಹಿಟ್ಟಿನ ಮೂಟೆಗಳ ಆಚೆ. ಮೇಡಂ ಗೋಡೆಗುಂಟ ನಡೆದರು. ಬೂಟಿನ ಸದ್ದಾಗಲಿಲ್ಲ. ಮಾಲೀಕರ ಹೆಂಡತಿ ಅವರನ್ನು ಕಂಡು ನಗುತ್ತಾ ಬಾಯಿ ತೆರೆದರು. ಮೇಡಂ ತುಟಿಗೆ ಬೆರಳಿಟ್ಟರು. ಮೂಟೆಗಳ ಮೇಲೆ ಬಗ್ಗಿ ಸ್ವಿಚ್ಚು ಕೆಳಗೆ ಎಳೆದರು. ಯಂತ್ರ ಒಮ್ಮೆಲೇ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಅದು ಇನ್ನೂ ಎರಡು ಸುತ್ತು ತಿರುಗಿತು, ಅನಿತಳ ಕೈ ಒಳಗೇ ಇತ್ತು. ನಿಂತಿತು. ಕೈ ಹೊರಗೆ ಬಂತು. ಬಿಳಿ ಹಿಟ್ಟು, ಮಣಿಕಟ್ಟಿನ ತನಕ. ಐದೂ ಬೆರಳು ಇದ್ದವು. ನಾನು ಎಣಿಸಿದೆ.

"ಮಿಸ್, ಕರೆಂಟು ಹೋತು," ಎಂದಳು ಅನಿತ.

ಮೇಡಂ ಅವಳ ಹತ್ತಿರ ಬಂದು ಸಾವಕಾಶವಾಗಿ ಹೇಳಿದರು: "ಹೋಗ್ಲಿ ಬಿಡು. ಕಾರ್ಡು ತೆಗಿ. ತೋರ್ಸು."

ಅವಳು ಜೇಬಿನಿಂದ ಗೊಂಚಲು ತೆಗೆದು ಒಂದೊಂದೇ ತೋರಿಸಿದಳು. ಐದನೆಯದಕ್ಕೆ ಬಂದು ತಡೆದಳು. "ಕೊರಡು ಮುರಿದೋತು ಮಿಸ್. ಸಾವ್ಕಾರ್ರು ಕೈಲಿ ಒತ್ತು ಅಂದ್ರು. ಅಲ್ಲಿ ಹೇಳ್ದಂಗೆ ಕೇಳು ಅಂದಿದ್ರಲ್ಲ ನೀವು." ಆಮೇಲೆ ಅವರ ಮುಖ ನೋಡಿ ಕೇಳಿದಳು, "ನಾನು ಕೆಲ್ಸ ಸರಿಯಾಗಿ ಮಾಡ್ಲಿಲ್ವಾ?"

ಆ ಹೊತ್ತಿನ ಮೇಡಂ ಮುಖವನ್ನು ನಾನು ಬರೆಯಲಾರೆ. ಅವರು ಕೆಳಗೆ ನೋಡುತ್ತಿದ್ದರು.

ಮಾಲೀಕರು ಬಂದರು. ಕೆಟ್ಟ ಮನುಷ್ಯನಂತೆ ಕಾಣುವವರಲ್ಲ. "ಏನ್ ಮಿಸ್ಸೆ, ಹೇಳ್ದೆ ಕೇಳ್ದೆ ಮಿಷನ್ ನಿಲ್ಸಿದ್ರಿ. ಮುರಿದು ಒಂದು ತಿಂಗ್ಳಾತು, ಏನಾಗೈತೆ? ನಿಮ್ ಸಾರೇ ನಿನ್ನೆ ಬಂದು ನೋಡ್ಕಂಡು ಬರ್ದು ಕೊಟ್ಟವ್ರೆ." ಗೋಡೆಯ ಕಡೆ ಕೈ ಮಾಡಿದರು. ಕ್ಯಾಲೆಂಡರಿನ ಪಕ್ಕ ನನ್ನ ನಮೂನೆಯ ಪ್ರತಿಯನ್ನು ಅಂಟಿಸಿದ್ದರು. ಐದು ಟಿಕ್ಕು, ಕೆಳಗೆ ನನ್ನ ಸಹಿ.

ಮೇಡಂ ನನ್ನ ಕಡೆ ನೋಡಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ. ಒಂದು ಸ್ಟೂಲು ಎಳೆದುಕೊಂಡು ಸ್ವಿಚ್ಚಿನ ಕೆಳಗೆ ಗೋಡೆಗೆ ಒರಗಿ ಕೂತರು. "ಬಡಗೀನ ಕರೆಸ್ರಿ. ಹೊಸ ಕೊರಡು ಬರ್ಲಿ. ಬಾಯಿಗೆ ಒಂದು ಕಬ್ಬಿಣದ ಜಾಲರಿ ಹಾಕಿಸ್ರಿ, ಉಂಡೆ ಹೋಗ್ಬೇಕು, ಕೈ ಹೋಗ್ಬಾರ್ದು. ಅಲ್ಲಿ ತಂಕ ನಾನು ಇಲ್ಲೇ ಕುಂತಿರ್ತೀನಿ."

"ಇವತ್ತಿನ ಆರ್ಡರು ಏನ್ ಮಾಡ್ಲಿ?"

"ನಂಗೂ ಇವತ್ತು ತರಗತಿ ಐತ್ರಿ."

ಬೆಳಿಗ್ಗೆ ಎಂಟಕ್ಕೆ ಮುಂಚೆ ಕೂತವರು ಮಧ್ಯಾಹ್ನ ಎರಡೂವರೆ ತನಕ ಏಳಲಿಲ್ಲ. ಶಾಂತಕ್ಕ ಒಳಗೆ ಬಂದು, "ನಿಮ್ಮಿಂದ ನಮ್ಗೆ ಅರ್ಧ ದಿನ ಸೊಂಟಕ್ಕೆ ಸುಖ ಆತು ಮಿಸ್ಸೆ" ಎಂದು ನಕ್ಕು ಮಜ್ಜಿಗೆ ಕೊಟ್ಟರು. ಅನಿತ ಇಲ್ಲದಿದ್ದಾಗ ತಾವೇ ಆ ಯಂತ್ರಕ್ಕೆ ನಿಲ್ಲುವುದು, ತಾವೂ ಕೈಯಲ್ಲೇ ಒತ್ತುವುದು ಎಂದೂ ಹೇಳಿದರು. "ನೀವೂ ಒತ್ಬೇಡ್ರಿ ಶಾಂತಕ್ಕ," ಎಂದರು ಮೇಡಂ. ಶಾಂತಕ್ಕ, "ನಮ್ಗೇನಾಗ್ತೈತೆ, ನಾವು ಬುದ್ಧಿ ಇರೋರು" ಎಂದು ಅನಿತಳ ತಲೆ ಸವರಿ ಹೊರಗೆ ಹೋದರು. ಕೊರಡು ಬಂತು. ವೆಲ್ಡಿಂಗ್ ಅಂಗಡಿಯವನು ಜಾಲರಿ ಕೂರಿಸಿದ. ಮೇಡಂ ತಮ್ಮ ಕೈಯನ್ನು ಜಾಲರಿಯ ಮೇಲೆ ಒತ್ತಿ ನೋಡಿ, ಆಮೇಲೆ ಸ್ವಿಚ್ಚಿನ ಕಾವಲು ಬಿಟ್ಟರು.

ಆದರೂ ಅನಿತಳನ್ನು ಅಲ್ಲಿ ಬಿಡದೆ ಎರಡು ವಾರಕ್ಕೆ ಕಾಲೇಜಿಗೆ ಕರೆದುಕೊಂಡು ಬಂದರು. ಕೆಲಸ ಹೋಯಿತೆಂದು ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಮರುದಿನ ಮೇಡಂ ಒಂದು ದೊಡ್ಡ ತಪ್ಪಲೆಯನ್ನು ಮೇಜಿನ ಮೇಲಿಟ್ಟು, ಹಿಟ್ಟು ನಾದಿ, ನನ್ನನ್ನು ಕರೆಸಿದರು. "ಸರ್, ಇದು ಮಿಷನ್ನು, ನೀವು ಸಾವ್ಕಾರ್ರು. ಕೊರಡಿಲ್ಲ. ಕೈಲಿ ಒತ್ತು ಅಂತ ಬೈರಿ. ನಾನು ಬೈದ್ರೆ ಆಟ ಅನ್ಕಂತಾಳೆ, ನಿಮ್ಗೆ ಹೆದರ್ತಾಳೆ."

ನಾನು ಬೈದೆ. ಅನಿತ ಕೈ ಹಾಕಿದಳು. "ಇಲ್ಲ ಅನ್ನು. ಕೈ ಕಟ್ಕಂಡು ನಿಂತ್ಕ," ಎಂದು ಮೇಡಂ ಮತ್ತೆ ತೋರಿಸಿದರು. ನಾನು ಬೈದೆ. ಅವಳು ಕೈ ಕಟ್ಟಿದಳು, ನನ್ನ ದನಿ ಏರಿದ ಕೂಡಲೇ ಬಿಚ್ಚಿ ತಪ್ಪಲೆಯೊಳಗೆ ಹಾಕಿದಳು. ಅಂದು ಹನ್ನೊಂದು ಸಲ ಹಾಗಾಯಿತು. ಹನ್ನೊಂದು ಸಲವೂ, ಅದು ತಪ್ಪಲೆ ಎಂದು ಗೊತ್ತಿದ್ದರೂ, ಹೊರಗೆ ಬಂದ ಬೆರಳುಗಳನ್ನು ಎಣಿಸುತ್ತಿದ್ದೆ.

ಅವಳು ಹೋದ ಮೇಲೆ ಮೇಡಂ ಕೈ ತೊಳೆಯುತ್ತಾ ಹೇಳಿದರು: "ನೀವು ಐದು ಪ್ರಶ್ನೆ ಕೇಳಿದ್ರಿ, ಅದು ಇಪ್ಪತ್ತು ನಿಮಿಷದ ತಪ್ಪು. ನಾನು ಎರಡು ವರ್ಷ ಇದನ್ನೇ ಕಲ್ಸಿದೀನಿ ಸರ್. ಟೈಮಿಗೆ ಬಾ, ಹೇಳ್ದಂಗೆ ಕೇಳು, ಎದುರು ಮಾತಾಡ್ಬೇಡ. ಮಾಲೀಕ್ರಿಗೆ ಬೇಕಾದಂಗೆ ತಯಾರು ಮಾಡಿ ಕಳಿಸ್ದೆ. ಆ ಮಿಷನ್ನಿಗೆ ನಾನೇ ಕೊಟ್ಟಂಗಾತು."

ಎಂಟನೆಯ ದಿನ ಅನಿತ ನನ್ನೆದುರು ಕೈ ಕಟ್ಟಿಕೊಂಡು ನಿಂತಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, "ಒತ್ತಲ್ಲ" ಎಂದಳು. ನಾನು ಇನ್ನೂ ಜೋರು ಮಾಡಿದೆ. "ಒತ್ತಲ್ಲ." ಮೇಡಂ ಶಹಬ್ಬಾಸ್ ಅನ್ನಲಿಲ್ಲ. "ಇನ್ನೊಂದ್ಸಲ ಬೈರಿ ಸರ್" ಎಂದರು.

ಅನಿತ ಕೆಲಸಕ್ಕೆ ಮರಳಿದಳು. ಪ್ರತಿ ಗುರುವಾರ ಮೇಡಂ ಹೊಸದುರ್ಗಕ್ಕೆ ಹೋಗಿ ಕೊರಡು, ಜಾಲರಿ, ಕೈ ಮೂರನ್ನೂ ನೋಡಿ ಬರುತ್ತಿದ್ದರು. ಘಟಕದವರು ಬೇಸರಪಟ್ಟುಕೊಂಡರು. ಅವರು ಯಾರಿಗೋ ಹೇಳಿ, ಅದು ಪ್ರಾಂಶುಪಾಲರ ತನಕ ಬಂತು. "ಕೆಲಸ ಕೊಡುವವರಿಗೆ ಕಿರುಕುಳ ಕೊಟ್ಟರೆ ನಾಳೆ ಯಾರು ಕೊಡ್ತಾರೆ?" ಎಂದು ಮೇಡಂ ಅವರನ್ನು ಕರೆಸಿ ಕೇಳಿದರಂತೆ. ಆ ವರ್ಷ ಅವರ ನವೀಕರಣದ ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತಾ ಇತ್ತು. ಅದು ಯಾವ ಮೇಜಿನ ಮೇಲಿದ್ದಾಗ ಅವರು ತೀರಿಕೊಂಡರೋ ನನಗೆ ಗೊತ್ತಿಲ್ಲ. ಅಂತ್ಯಕ್ರಿಯೆಯ ದಿನ ಹೊಳಲ್ಕೆರೆಗೆ ಅನಿತಳೂ ತಾಯಿಯ ಜೊತೆ ಬಂದಿದ್ದಳು. ದೂರದಲ್ಲಿ ನಿಂತು ನೋಡುತ್ತಿದ್ದಳು, ಅಳಲಿಲ್ಲ.

ಆಮೇಲಿನ ಎರಡು ಗುರುವಾರ ಯಾರೂ ಹೊಸದುರ್ಗಕ್ಕೆ ಹೋಗಲಿಲ್ಲ. ಮೊದಲನೆಯದು ಸಂತಾಪ ಸಭೆಯ ದಿನ. ಎರಡನೆಯದಕ್ಕೆ ನನಗೆ ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಮುಂದಿನ ವಾರ ಹೋಗೋಣ ಎಂದುಕೊಂಡೆ.

ಸೋಮವಾರ ಮಾಲೀಕರ ಫೋನು ಬಂತು. "ನಿಮ್ ಹುಡುಗಿ ಬೇಡ್ರಿ ಸಾರ್. ಹೇಳಿದ್ ಕೆಲ್ಸ ಮಾಡಲ್ಲ. ಮನೆಗೆ ಕಳಿಸಿವ್ನಿ."

"ಏನಾಯಿತು?"

"ಇಲ್ಲಿ ಸಣ್ಣದೊಂದು ತೊಂದ್ರೆ ಆಗೈತೆ, ಅದು ಬೇರೆ. ಆಮ್ಯಾಲೆ ಮಾತಾಡಾಣ." ಫೋನು ಇಟ್ಟರು.

ನಾನು ತರಗತಿ ಬಿಟ್ಟು ಬಬ್ಬೂರಿಗೆ ಹೋದೆ. ಅನಿತ ಮನೆಯ ಜಗುಲಿಯ ಮೇಲೆ ಕೂತಿದ್ದಳು. ನಾನು ಮೊದಲು ಅವಳ ಕೈ ನೋಡಿದೆ. ಎರಡೂ ಮಡಿಲಲ್ಲಿದ್ದವು, ಹತ್ತೂ ಬೆರಳು. ತಾಯಿ ನನ್ನನ್ನು ಕಂಡು, "ಕುಂತ್ಕಳ್ರಿ ಸಾ" ಎಂದು ಚಾಪೆ ಹಾಕಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

"ಏನಾಯಿತು ಹೇಳು," ಎಂದೆ. ಅವಸರ ಮಾಡಲಿಲ್ಲ.

"ಕೊರಡು ಸೀಳಿತ್ತು ಸರ್. ಜಾಲರಿ ತೊಳಿಯಾಕೆ ಬಿಚ್ಚಿದ್ರು, ಹಾಕ್ಲಿಲ್ಲ. ಕೈಲಿ ಒತ್ತು ಅಂದ್ರು. ಒತ್ತಲ್ಲ ಅಂದೆ."

"ಬೈದರಾ?" ಕೇಳಿದ ಮೇಲೆ ತುಟಿ ಕಚ್ಚಿಕೊಂಡೆ. ಅವಳು ಹೂಂ ಅನ್ನಲಿಲ್ಲ.

"ಬಾಳ ಬೈದ್ರು. ಹಿಂಗೆ ನಿಂತೆ." ಕೂತಲ್ಲೇ ಎರಡು ತೋಳನ್ನೂ ಎದೆಗೆ ಕಟ್ಟಿಕೊಂಡಳು. "ಆಮೇಲೆ ಶಾಂತಕ್ಕನ್ನ ಕರೆದ್ರು. ಶಾಂತಕ್ಕ ಬಂದ್ಲು. ಸರ್ಕ ಕಣೇ ಅಂದ್ಲು. ಒತ್ತಿದ್ಲು."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಾನು ಓಡೋಗಿ ಸ್ವಿಚ್ಚು ಆಫ್ ಮಾಡ್ದೆ ಸರ್. ಮೂಟೆ ಅಡ್ಡ ಇದ್ವು. ಹತ್ತಿ ಮಾಡ್ದೆ."

ಉಳಿದದ್ದನ್ನು ತಾಯಿ ಹೇಳಿದರು. ಶಾಂತಕ್ಕನ ಬಲಗೈಯ ನಾಲ್ಕು ಬೆರಳು ಹೋಗಿವೆ. ದಾವಣಗೆರೆಯ ಆಸ್ಪತ್ರೆಯಲ್ಲಿ ಇದ್ದಾರೆ. ಅಂಗೈ ಉಳಿಯುತ್ತದೋ ಇಲ್ಲವೋ ಇನ್ನೂ ಹೇಳಿಲ್ಲವಂತೆ.

ಅನಿತ ನನ್ನನ್ನೇ ನೋಡುತ್ತಿದ್ದಳು. "ಮಿಸ್ಸು ನಂಗೆ ಹೇಳ್ಕೊಟ್ರು ಸರ್. ಶಾಂತಕ್ಕಂಗೆ ಯಾರೂ ಹೇಳ್ಕೊಟ್ಟಿಲ್ಲ," ಎಂದಳು. ಆಮೇಲೆ, "ಶಾಂತಕ್ಕನ್ನೂ ನಮ್ ಕಾಲೇಜಿಗೆ ಸೇರಿಸ್ಕಳ್ರಿ" ಎಂದಳು.

ಆ ಕೋರ್ಸಿಗೆ ಶಾಂತಕ್ಕನಂಥವರನ್ನು ಸೇರಿಸಿಕೊಳ್ಳಲು ಬರುವುದಿಲ್ಲ ಎಂದೆ.

"ಯಾಕ್ ಸರ್?" ಎಂದಳು.